ಬಿಸಿ ತಿಳಿಯದ ಬೆರಳು

ಕುಸುರೆಳ್ಳಿಗೆ ಚಳಿ ಬೇಕು. ಎಳ್ಳು ಎಷ್ಟೇ ಬೆಳ್ಳಗಿರಲಿ, ಸಕ್ಕರೆ ಪಾಕ ಎಷ್ಟೇ ತಿಳಿಯಾಗಿರಲಿ, ಗಾಳಿಯಲ್ಲಿ ಥಂಡಿ ಇಲ್ಲದಿದ್ದರೆ ಕಾಳಿನ ಮೈಮೇಲೆ ಮುಳ್ಳು ಏಳುವುದಿಲ್ಲ. ಸಂಕ್ರಾಂತಿಗೆ ಮುಂಚಿನ ಕೆಲವು ವಾರ, ಹೊತ್ತು ಹುಟ್ಟುವ ಮೊದಲು, ಹೈದರಾಬಾದಿನಲ್ಲೂ ಆ ಕೆಲಸಕ್ಕೆ ಸಾಕಾಗುವಷ್ಟು ಚಳಿ ಬೀಳುತ್ತದೆ. ಪೇಟೆಯಲ್ಲಿ ಕೊಳ್ಳುವವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಯಾರೂ ಕೇಳದಿದ್ದರೂ ಹೇಳುವುದು ನನ್ನ ಸ್ವಭಾವ. ಬಣ್ಣ ನೋಡಬೇಡಿ. ನಾಲ್ಕು ಕಾಳು ಅಂಗೈಯಲ್ಲಿಟ್ಟು ಮುಷ್ಟಿ ಬಿಗಿ ಹಿಡಿಯಿರಿ. ಚುಚ್ಚಿದರೆ ಕೈಯಲ್ಲಿ ಮಾಡಿದ್ದು. ಚುಚ್ಚದಿದ್ದರೆ ಮುಂದಿನ ಅಂಗಡಿ ನೋಡಿ.

ಕೈಯಲ್ಲಿ ಮಾಡುವ ಬಗೆ ಹೀಗೆ. ಶೇಗಡಿ ಒಲೆಯಲ್ಲಿ ಇದ್ದಿಲ ಕೆಂಡ ಬೂದಿ ಹೊದ್ದುಕೊಂಡು ಮಂದವಾಗಿರಬೇಕು. ಅದರ ಮೇಲೆ ಹಿತ್ತಾಳೆಯ ಪರಾತ, ಅಂದರೆ ಅಗಲ ತಟ್ಟೆ, ಅದರಲ್ಲಿ ತೊಳೆದು ಒಣಗಿಸಿದ ಎಳ್ಳು. ಚಮಚದ ತುದಿಯಿಂದ ಪಾಕವನ್ನು ಹನಿಹನಿಯಾಗಿ ಬಿಡುತ್ತ, ಬೆರಳ ತುದಿಗಳಿಂದ ಎಳ್ಳನ್ನು ಹೊರಳಿಸುತ್ತಲೇ ಇರಬೇಕು. ಪರಾತ ಹೆಚ್ಚು ಕಾದರೆ ಎದ್ದ ಮುಳ್ಳು ಕರಗಿ ಕಾಳು ಕೆಂಪಾಗುತ್ತದೆ. ಆರಿದರೆ ಪಾಕ ಬರೀ ಅಂಟಾಗಿ ಉಳಿಯುತ್ತದೆ. ಎಷ್ಟು ಕಾದಿದೆ ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ, ಬೆರಳಿಗೆ ಗೊತ್ತಾಗಬೇಕು.

ನಮ್ಮ ಕಡೆ ಇದು ಹೆಂಗಸರ ಕೆಲಸ. ನಮ್ಮ ಮನೆಯಲ್ಲಿ ಮಾತ್ರ ಅಪ್ಪನದು. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಮಳೆಗಾಲ ಅವ್ವ ತೀರಿಕೊಂಡಳು. ಅಪ್ಪ ರೈಲ್ವೆಯ ಸಿಗ್ನಲ್ ವಿಭಾಗದಲ್ಲಿದ್ದ, ನಾವು ಮಲ್ಕಾಜ್‌ಗಿರಿಯ ಕ್ವಾರ್ಟರ್ಸಿನಲ್ಲಿದ್ದೆವು. ಆ ವರ್ಷ ನಮ್ಮ ಮನೆಯಲ್ಲಿ ಸಂಕ್ರಾಂತಿ ಇಲ್ಲವೆಂದೇ ನಾನೂ ತಮ್ಮನೂ ತಿಳಿದಿದ್ದೆವು. ಡಿಸೆಂಬರಿನ ಒಂದು ಬೆಳಗಿನ ಜಾವ ಹಿತ್ತಲ ಕಟ್ಟೆಯಿಂದ ಕರಕರ ಸದ್ದು ಬಂತು. ಎದ್ದು ಹೋಗಿ ನೋಡಿದರೆ ಅಪ್ಪ ರೈಲ್ವೆಯ ಕರಿ ಕೋಟು ಹಾಕಿಕೊಂಡು ಶೇಗಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಪಕ್ಕದಲ್ಲಿ ಒಂದು ಬಟ್ಟಲು ನೀರು. ಬೆರಳು ಸುಟ್ಟಾಗ ಸ್ ಎಂದು ಕೈ ಎಳೆದುಕೊಂಡು ನೀರಲ್ಲಿ ಅದ್ದುತ್ತಿದ್ದ, ಮತ್ತೆ ಎಳ್ಳಿಗೆ ಕೈ ಹಾಕುತ್ತಿದ್ದ. ನಮ್ಮನ್ನು ನೋಡಿ ಏನೂ ಹೇಳಲಿಲ್ಲ. ನಾವೂ ಕೇಳಲಿಲ್ಲ. ನನ್ನ ಮದುವೆಯಾಗಿ ನಾನು ಸನತ್‌ನಗರಕ್ಕೆ ಬಂದ ಮೇಲೂ ಪ್ರತಿ ಸಂಕ್ರಾಂತಿಗೆ ಸ್ಟೀಲಿನ ಡಬ್ಬಿಯೊಂದು ಬರುತ್ತಿತ್ತು. ಚೀಟಿ ಇಲ್ಲ, ಮಾತಿಲ್ಲ, ಡಬ್ಬಿ ಮಾತ್ರ.

ಇಂಥ ಅಪ್ಪನ ಬಗ್ಗೆ ಕವಿತೆ ಬರೆಯುವುದು ಸುಲಭ. ಅದೇ ಅಪಾಯ.

ನನ್ನ ವ್ಯಾಪಾರ ಉಣ್ಣೆಯದು. ಶಾಲು, ಸ್ವೆಟರು, ರಗ್ಗು, ಕಾಲುಚೀಲ. ಲುಧಿಯಾನದಿಂದ ಬರುವ ಮಾಲಿನಲ್ಲಿ ಹೊಲಿಗೆ ತಪ್ಪಿದ್ದು, ಬಣ್ಣ ಸರಿಯಾಗಿ ಹಿಡಿಯದ್ದು ಆರಿಸಿಕೊಂಡು ಮಾರುವುದರಿಂದ ಶುರು ಮಾಡಿದವಳು ನಾನು. ಇವತ್ತು ಮೊದಲ ದರ್ಜೆಯ ಮಾಲಿನವರೇ ಫೋನು ಮಾಡುತ್ತಾರೆ. ಜನವರಿಯಲ್ಲಿ ನಾಂಪಲ್ಲಿ ಎಕ್ಸಿಬಿಷನ್ನಿನಲ್ಲಿ ಮಳಿಗೆ ಹಾಕುತ್ತೇನೆ. ಮೊದಲ ವರ್ಷ ಮಳಿಗೆ ಸಿಕ್ಕಿದ್ದು ಹಿಂದಿನ ಸಾಲಿನಲ್ಲಿ, ಜನ ಮಿರ್ಚಿ ಭಜ್ಜಿ ತಿಂದು ಕೈ ಒರೆಸಿಕೊಳ್ಳಲು ಬರುವ ಜಾಗದಲ್ಲಿ. ಸಂಜೆಯಾದರೂ ಬೋಣಿಗೆ ಆಗಿರಲಿಲ್ಲ. ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಆಗ ಡ್ಯೂಟಿ ಮುಗಿಸಿಕೊಂಡು ಅಪ್ಪ ಬಂದ. ನನ್ನ ಗುರುತೇ ಇಲ್ಲದವನಂತೆ ಮಳಿಗೆಯ ಮುಂದೆ ನಿಂತು ಒಂದು ಬೂದಿ ಬಣ್ಣದ ಸ್ವೆಟರು ಎತ್ತಿಕೊಂಡ.

“ಕ್ಯಾ ಅಮ್ಮಾ, ಯೇ ಊನ್ ಹೈ ಕಿ ಗೋಣಿ ತಟ್ಟು?” ಎಂದು ದೊಡ್ಡ ದನಿಯಲ್ಲಿ ಕೇಳಿದ.

ಇದು ಉಣ್ಣೆಯೋ ಗೋಣಿ ತಟ್ಟೋ ಎಂದು, ಅರ್ಧ ಹಿಂದಿ, ಅರ್ಧ ಕನ್ನಡ. ನಾನು ಬಾಯಿ ತೆರೆದು ನಿಂತೆ. ವಾರಕ್ಕೆ ಹತ್ತು ಮಾತಾಡದ ಮನುಷ್ಯ ಅಲ್ಲಿ ಬಜಾರಿನ ದಲ್ಲಾಳಿಯಂತೆ ಕೂಗಾಡತೊಡಗಿದ. ಹೊಲಿಗೆ ಎಳೆದ, ಬೆಳಕಿಗೆ ಹಿಡಿದ, ಎರಡು ಹೆಜ್ಜೆ ಹೋದ, ತಿರುಗಿ ಬಂದ. ಜಗಳ ನೋಡಲು ನಾಲ್ಕು ಜನ ನಿಂತರು, ನಾಲ್ವರ ಹಿಂದೆ ಇನ್ನಷ್ಟು ಜನ. ಕೊನೆಗೆ ನಾನು ಹೇಳಿದ ಬೆಲೆಗೇ ಕೊಂಡು, ಸುತ್ತಲಿನವರಿಗೆ ಕೇಳುವಂತೆ, “ಮಾಲು ಚಲೋ ಐತಿ, ಹೆಣ್ಣಮಗಳು ಘಟ್ಟಿ ಐತಿ” ಎಂದು ಗೊಣಗಿ ಹೋದ. ಆ ಸಂಜೆ ಕತ್ತಲಾಗುವುದರೊಳಗೆ ಅರ್ಧ ಮಾಲು ಖಾಲಿಯಾಯಿತು. ಆಮೇಲೆ ಎಷ್ಟೋ ವರ್ಷ ನಾವಿಬ್ಬರೂ ಅದರ ಬಗ್ಗೆ ಮಾತಾಡಲಿಲ್ಲ.

ಇದನ್ನು ನಾನು ತಮ್ಮನಿಗೆ ಹೇಳಿದ್ದು ಬಹಳ ವರ್ಷಗಳ ನಂತರ. ಅವನು ಸರ್ಕಾರಿ ಕಚೇರಿಯಲ್ಲಿ ನೌಕರ, ಬಿಡುವಿನಲ್ಲಿ ಕವಿ. ಕೇಳಿದ ಕೂಡಲೇ ಅವನ ಕಣ್ಣು ಹೊಳೆದವು. “ಅಕ್ಕಾ, ಇದನ್ನ ನಾ ತಗೋಲೇನು?” ಎಂದ. ಹೊಲದಲ್ಲಿ ಬಿದ್ದ ಕುಂಬಳಕಾಯಿ ಕೇಳಿದ ಹಾಗೆ.

“ತಗೋ. ಆದ್ರ ಕೆಡಸಬ್ಯಾಡ” ಎಂದೆ.

ಎರಡು ವರ್ಷದ ಹಿಂದಿನ ಚಳಿಗಾಲದಲ್ಲಿ ನಮ್ಮ ಕನ್ನಡ ಸಂಘದವರು ಸಂಕ್ರಾಂತಿಯ ಮುಂಚಿನ ಭಾನುವಾರ ಕವಿಗೋಷ್ಠಿ ಇಟ್ಟಿದ್ದರು. ಅದರ ಹಿಂದಿನ ಸಲ ವಿಷಯ ‘ಅವ್ವ’ ಆಗಿದ್ದರಿಂದ ಆ ಸಲ ‘ಅಪ್ಪ’. ಸಂಜೆ ನಾಲ್ಕಕ್ಕೇ ಸಭಾಂಗಣದಲ್ಲಿ ಜನ ಸೇರಿದ್ದರು. ಬಾಗಲಕೋಟೆ, ಗದಗ, ಕಲಬುರಗಿ ಕಡೆಯಿಂದ ಬಂದು ಇಲ್ಲೇ ಬೇರು ಬಿಟ್ಟ ಸಂಸಾರಗಳು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಸಿಟ್ಟು ಬಂದರೆ ಹಿಂದಿ. ಅಪ್ಪನನ್ನು ಮುಂದಿನ ಸಾಲಿನಲ್ಲಿ ಕೂಡಿಸಿದ್ದರು, ಕವಿಯ ತಂದೆ ಎಂಬ ಮರ್ಯಾದೆಗೆ. ಅದೇ ಬೂದಿ ಸ್ವೆಟರು, ಕಿವಿಗೆ ಮಫ್ಲರು, ಕಾಲಿಗೆ ನಾನು ಕೊಟ್ಟ ದಪ್ಪ ಉಣ್ಣೆಯ ಕಾಲುಚೀಲ.

“ನೀವು ಕೊಟ್ಟ ಕಾಲುಚೀಲ ನೋಡ್ರಿ ಅಕ್ಕಾರ” ಎಂದು ತಮ್ಮನ ಹೆಂಡತಿ ನನ್ನ ಕಿವಿಯಲ್ಲಿ ಹೇಳಿದಳು. “ಮಾವಾರು ಬಿಚ್ಚಂಗ ಇಲ್ಲ. ತೊಳಿಯಾಕ ಕೇಳಿದ್ರೂ ಕೊಡಂಗಿಲ್ಲ. ಮಗಳು ಕೊಟ್ಟಿದ್ದಲ್ಲೇನ್ರಿ, ಅಷ್ಟು ಪ್ರೀತಿ.”

ನನಗೆ ಖುಷಿಯಾಯಿತು. ಸುಳ್ಳೇಕೆ ಹೇಳಲಿ.

“ಮತ್ತ ಈಗೀಗ ಭಾಳ ದೇವರ ಕಡೆ ಆಗ್ಯಾರ” ಎಂದು ಅವಳೇ ಮುಂದುವರಿಸಿದಳು. “ಖೋಲಿಯೊಳಗ ಮುಂಜಾನಿಂದ ಸಂಜಿತನಕ ಊದಿನಕಡ್ಡಿ ಹಚ್ಚತಾರ. ಕದಾ ಮುಂದ ಮಾಡಿಕೊಂಡು ಕೂಡತಾರ.”

ಅಪ್ಪ ದೇವರ ಕಡೆ ಆಗುವ ಮನುಷ್ಯನಲ್ಲ. ಅವ್ವ ಹೋದ ದಿನವೂ ದೇವರ ಗೂಡಿಗೆ ದೀಪ ಹಚ್ಚಿದವಳು ನಾನು. ಆ ಮಾತು ನನಗೆ ಸರಿ ಬರಲಿಲ್ಲ. ಆದರೆ ಅಷ್ಟರಲ್ಲಿ ಕವಿಗಳು ಶುರು ಮಾಡಿದ್ದರು.

ಅಪ್ಪನ ಮೇಲಿನ ಕವಿತೆಗಳನ್ನು ಸಾಲಾಗಿ ಕೇಳಿದವರಿಗೆ ಒಂದು ವಿಷಯ ಗೊತ್ತಾಗುತ್ತದೆ. ಎಲ್ಲ ಕವಿಗಳಿಗೂ ಒಬ್ಬನೇ ಅಪ್ಪ. ಅವನಿಗೆ ಒಂದು ಹಳೆಯ ಕೋಟು, ಹರಿದ ಬನಿಯನ್ನು, ಒಡೆದ ಹಿಮ್ಮಡಿ. ಅವನು ಮಕ್ಕಳಿಗೆ ಕಂಬಳಿ ಹೊದಿಸಿ ತಾನು ಚಳಿಯಲ್ಲಿ ಕೂತಿರುತ್ತಾನೆ. ಎಂದೂ ಮಾತಾಡುವುದಿಲ್ಲ. ಅವನ ಪ್ರೀತಿ ಮಗನಿಗೆ ತಿಳಿಯುವುದು ಅವನು ಸತ್ತ ಮೇಲೆ. ನನ್ನ ಪಕ್ಕದಲ್ಲಿದ್ದ ನಿವೃತ್ತ ಮೇಷ್ಟರೊಬ್ಬರು, “ಏನ್ರಿ ಇದು, ಒಬ್ಬರ ಅಪ್ಪಾನೂ ಸಿನಿಮಾಕ್ಕ ಹೋಗಂಗಿಲ್ಲ, ಇಸ್ಪೀಟ್ ಆಡಂಗಿಲ್ಲ. ನಮ್ಮಪ್ಪ ಎರಡೂ ಮಾಡತಿದ್ದ, ಬಡಿತಿದ್ದ ಸೈತ” ಎಂದರು. ನಾನು ನಕ್ಕೆ. ನಗು ಪೂರ್ತಿ ಹೊರಗೆ ಬರಲಿಲ್ಲ. ಮಾತಾಡದ ಅಪ್ಪಂದಿರ ಮೆರವಣಿಗೆ ಒಂದಾದ ಮೇಲೊಂದು ಹಾಗೆ ಹೋಗುತ್ತಿದ್ದರೆ, ಇವರೆಲ್ಲ ಏನನ್ನು ಮುಚ್ಚಿಟ್ಟುಕೊಂಡು ಹೋದರೋ ಎನಿಸಿತು.

ತಮ್ಮನ ಸರದಿ ಬಂತು. ಎಕ್ಸಿಬಿಷನ್ನಿನ ಪ್ರಸಂಗ ಬರುತ್ತದೆಂದು ನಾನು ಕಾದಿದ್ದೆ. ಅವನು ಅದನ್ನು ಮುಟ್ಟಿರಲಿಲ್ಲ. ಅವನು ಬರೆದದ್ದು ಕುಸುರೆಳ್ಳಿನ ಮೇಲೆ. ಹಿತ್ತಲ ಕಟ್ಟೆ, ಬೂದಿ ಹೊದ್ದ ಕೆಂಡ, ಅವ್ವನಿಲ್ಲದ ಮೊದಲ ಚಳಿ, ಎಲ್ಲ ಇತ್ತು. ಚೆನ್ನಾಗಿತ್ತು. ಕೊನೆಯ ಸಾಲುಗಳಿಗೆ ಬಂದಾಗ ಅವನ ದನಿ ತಗ್ಗಿತು:

ಮೊದಲು ಪಕ್ಕದಲ್ಲಿ ಬಟ್ಟಲಿತ್ತು,
ಸುಟ್ಟ ಬೆರಳಿಗೊಂದು ತಂಪಿನ ತಾವು.
ಈಗ ಬಟ್ಟಲಿಲ್ಲ.
ಇಷ್ಟು ಚಳಿಗಾಲ ಸವೆಸಿದ ಮೇಲೆ
ಅಪ್ಪನ ಬೆರಳ ಗುರುತು
ಕೆಂಡಕ್ಕೂ ಹತ್ತಿದೆ.

ಸಭಾಂಗಣದ ತುಂಬ ಚಪ್ಪಾಳೆ ಎದ್ದಿತು. ಹಿಂದಿನಿಂದ ಯಾರೋ “ವಾಹ್, ವಾಹ್” ಎಂದರು. ಮೇಷ್ಟರು ಕಣ್ಣು ಒರೆಸಿಕೊಂಡರು. ನಾನು ಚಪ್ಪಾಳೆ ತಟ್ಟಲು ಎತ್ತಿದ ಕೈ ಹಾಗೇ ನಿಂತಿತು.

ಬಟ್ಟಲು ಇಲ್ಲವೇ? ಯಾವಾಗಿನಿಂದ?

ವ್ಯಾಪಾರದಲ್ಲಿ ನಾನು ಕಲಿತದ್ದು ಒಂದೇ: ಮಾರುವವನು ಯಾವುದನ್ನು ಹೊಗಳುತ್ತಾನೋ ಅಲ್ಲಿ ಬೆರಳಿಟ್ಟು ನೋಡು, ತೂತು ಅಲ್ಲೇ ಇರುತ್ತದೆ. ಕೆಂಡಕ್ಕೆ ಯಾರ ಗುರುತೂ ಹತ್ತುವುದಿಲ್ಲ. ಕೆಂಡ ಸುಡುತ್ತದೆ. ಬಟ್ಟಲು ಬೇಡವಾಗಿದೆಯೆಂದರೆ ಬೆರಳಿಗೆ ಏನೋ ಆಗಿದೆ. ಆ ವರ್ಷ ಡಬ್ಬಿಯಲ್ಲಿ ಬಂದ ಕುಸುರೆಳ್ಳು ನೆನಪಾಯಿತು. ವಾರದ ಹಿಂದೆ ಬಂದಿತ್ತು. ಮುಳ್ಳು ಮೊಂಡಾಗಿ, ಕಾಳು ಕೆಂಪಗೆ, ತಳದ ಕಾಳು ಸೀದು. ಎರಡನೇ ದರ್ಜೆಯ ಮಾಲೆಂದು ನನ್ನ ಕಣ್ಣಿಗೆ ಕೂಡಲೇ ಗೊತ್ತಾಗಿತ್ತು. ಈ ಸಲ ಚಳಿ ಕಡಿಮೆ, ಸಕ್ಕರೆ ಸರಿಯಿಲ್ಲ ಎಂದು ಮನೆಯವರೆಲ್ಲ ಹೇಳಿದರು. ಚಳಿಗೆ ತಪ್ಪು ಹೊರಿಸುವುದು ಸುಲಭ, ಅದು ತಿರುಗಿ ಮಾತಾಡುವುದಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಚಹಾ ಬಂತು. ಸ್ಟೀಲಿನ ಲೋಟ, ಹಬೆಯಾಡುವ ಚಹಾ. ಎಲ್ಲರೂ ಲೋಟದ ಕಂಠ ಹಿಡಿದು, ಕೈ ಬದಲಿಸಿ, ಸೆರಗು ಕರವಸ್ತ್ರ ಹುಡುಕುತ್ತಿದ್ದರು. ಅಪ್ಪ ಮಾತ್ರ ಲೋಟವನ್ನು ಅಂಗೈಯಲ್ಲಿ ತುಂಬಿ ಹಿಡಿದು ನಿಂತಿದ್ದ, ಚಂಬಿನ ತಣ್ಣೀರು ಹಿಡಿದ ಹಾಗೆ. ಜನ ಬಂದು ಬಂದು ಅವನ ಕೈ ಮುಟ್ಟಿ ನಮಸ್ಕಾರ ಮಾಡುತ್ತಿದ್ದರು.

“ಅಪ್ಪಾ, ಸುಡವಲ್ದೇನು?” ಎಂದೆ.

“ಏನು?”

“ಚಹಾ.”

ಅವನು ಲೋಟ ನೋಡಿದ. ಆಮೇಲೆ ನನ್ನನ್ನು ನೋಡಿದ. ನಿಧಾನವಾಗಿ ಲೋಟವನ್ನು ಮೇಜಿನ ಮೇಲಿಟ್ಟ. “ಹೂಂ, ಬಿಸಿ ಐತಿ” ಎಂದ, ಪಾಠ ಒಪ್ಪಿಸಿದ ಹಾಗೆ.

ಹೊರಗೆ ಹೋಗುವಾಗ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಅಪ್ಪ ತನ್ನವುಗಳಲ್ಲಿ ಕಾಲು ತುರುಕಿಕೊಂಡು ಮುಂದೆ ನಡೆದ, ಮೆಟ್ಟಿಲಿಳಿದ, ಕಾರಿನವರೆಗೆ ಹೋದ. ಹಿಂದಿನಿಂದ ಬರುತ್ತಿದ್ದ ನನ್ನ ಕಣ್ಣಿಗೆ ಬಿತ್ತು. ಬಲಗಾಲಿನ ಚಪ್ಪಲಿ ಮೆಟ್ಟಿಲ ಮೇಲೇ ಉಳಿದಿತ್ತು. ಬರೀ ಕಾಲುಚೀಲದಲ್ಲಿ ಅವನು ಜಲ್ಲಿಕಲ್ಲಿನ ಮೇಲೆ ನಡೆದು ಹೋಗಿದ್ದ.

“ಮಾವಾರು ಮಗನ ಕವಿತಿ ಕೇಳಿ ಮೈಮರತಾರ” ಎಂದು ತಮ್ಮನ ಹೆಂಡತಿ ನಕ್ಕಳು. ತಮ್ಮ ನಾಚಿಕೊಂಡ. ಅವನ ಮುಖದಲ್ಲಿ ಆ ಸಂಜೆ ಇದ್ದ ಬೆಳಕನ್ನು ನಾನು ಅವನ ಮದುವೆಯಲ್ಲೂ ನೋಡಿರಲಿಲ್ಲ. ನಾನು ಬಗ್ಗಿ ಚಪ್ಪಲಿ ಎತ್ತಿಕೊಂಡೆ. ಅಪ್ಪ ಕಾಲು ಮುಂದೆ ಚಾಚಿದ, ನಾನು ತೊಡಿಸಿದೆ. ಊದಿನಕಡ್ಡಿಯ ವಾಸನೆ ಗಪ್ಪೆಂದು ಬಂತು. ಅದರ ಕೆಳಗೆ ಇನ್ನೊಂದು ವಾಸನೆ ಇತ್ತು. ಹಸಿ ಉಣ್ಣೆಯ ಮೂಟೆ ಗೋದಾಮಿನಲ್ಲಿ ಕೊಳೆತರೆ ಬರುವಂಥದ್ದು. ಮೂಟೆಯ ವಾಸನೆ ನನಗೆ ಗೊತ್ತು. ಇದು ಮೂಟೆಯದಲ್ಲ.

ಮರುದಿನ ಬೆಳಗ್ಗೆ ತಮ್ಮ ಕಚೇರಿಗೆ ಹೋಗುವುದನ್ನೇ ಕಾದು ಮಲ್ಕಾಜ್‌ಗಿರಿಗೆ ಹೋದೆ. ಸ್ಟೇಷನ್ನಿನ ಹಿಂದೆ ತಮ್ಮ ಕಟ್ಟಿಸಿದ ಮನೆ. ಅಪ್ಪ ಹಿತ್ತಲ ಕಟ್ಟೆಯ ಮೇಲೆ ಎಳೆ ಬಿಸಿಲಿಗೆ ಕೂತಿದ್ದ. ಶೇಗಡಿ ಆರಿತ್ತು. ನಾನು ಹೋಗಿ ಎದುರಿಗೆ ಕೂತೆ.

ಚೌಕಾಸಿಯಲ್ಲಿ ಮೊದಲು ಬಾಯಿ ಬಿಟ್ಟವನು ಸೋತ. ಇದು ನನ್ನ ನಿಯಮ, ಹೊಸ ವ್ಯಾಪಾರಿಗಳಿಗೆ ನಾನು ಮೊದಲು ಹೇಳಿಕೊಡುವ ಪಾಠ. ದೆಹಲಿಯ ಸೇಟುಗಳನ್ನು ಹಾಗೆ ಸುಮ್ಮನೆ ಕೂತು ಬಗ್ಗಿಸಿದ್ದೇನೆ. ಅಪ್ಪನ ಮುಂದೆ ಆ ವಿದ್ಯೆ ನಡೆಯಲಿಲ್ಲ. ಒಂದು ಲೋಕಲ್ ರೈಲು ಹೋಯಿತು, ಬಿಸಿಲು ಗೋಡೆಯಿಂದ ಇಳಿದು ಅವನ ಮೊಣಕಾಲಿಗೆ ಬಂತು, ಅವನು ಆರಾಮವಾಗಿ ಕೂತೇ ಇದ್ದ. ಮೊದಲು ಬಾಯಿ ಬಿಟ್ಟವಳು ನಾನೇ.

“ಕಾಲುಚೀಲ ಬಿಚ್ಚು, ಅಪ್ಪಾ.”

“ಥಂಡಿ ಐತಿ.”

“ಬಿಸಲಾಗ ಕುಂತಿ.”

“ಹಬ್ಬ ಆಗ್ಲಿ.”

ಹಬ್ಬ ಆಗಲಿ ಎಂದ ಮೇಲೆ ಒಳಗೆ ಏನೋ ಇದೆ ಎಂದು ಒಪ್ಪಿದ ಹಾಗಾಯಿತು. ಎದುರಿನವನು ಒಂದು ಮೆಟ್ಟಿಲು ಇಳಿದಾಗ ಇಡೀ ಮನೆ ಕೇಳಬಾರದು, ಇನ್ನೊಂದು ಮೆಟ್ಟಿಲು ಕೇಳಬೇಕು.

“ದವಾಖಾನಿ ಮಾತು ನಾ ತಗಿಯಂಗಿಲ್ಲ. ಬಿಚ್ಚೂದಷ್ಟ. ಮೂಟಿ ಕೊಳ್ಳೂ ಮುಂದ ಮೂಲಿ ಬಿಚ್ಚಿ ನೋಡೂದಿಲ್ಲೇನು? ಹಂಗ.”

ಅವನಿಗೆ ಸಣ್ಣ ನಗು ಬಂತು. “ನೀ ಯಾರ ಮಗಳು” ಎಂದ.

“ಎಕ್ಸಿಬಿಷನ್ನಿನ್ಯಾಗ ಗೋಣಿ ತಟ್ಟು ಅಂದವನ ಮಗಳು.”

ನಮ್ಮಿಬ್ಬರ ನಡುವೆ ಆ ಸಂಜೆಯ ಮಾತು ಬಂದದ್ದು ಅದೇ ಮೊದಲು. ಅವನು ತಲೆ ತಗ್ಗಿಸಿದ. ಆಮೇಲೆ ಕಾಲನ್ನು ನನ್ನ ಕಡೆ ಚಾಚಿದ.

ಎಡಗಾಲಿನದು ಸಲೀಸಾಗಿ ಬಂತು. ಬಲಗಾಲಿನದು ಬೆರಳುಗಳ ಹತ್ತಿರ ಅಂಟಿಕೊಂಡಿತ್ತು. ನಾನು ನೀರು ಹಾಕಿ ನೆನೆಸಿ, ಹಲ್ಲು ಕಚ್ಚಿ ಎಳೆದೆ. ಅವನು ಬೇರೆಯವರ ಕಾಲು ನೋಡುವ ಹಾಗೆ ನೋಡುತ್ತಿದ್ದ. ಹೆಬ್ಬೆರಳು ಮತ್ತು ಅದರ ಪಕ್ಕದ ಬೆರಳು ಇದ್ದಿಲಿನಂತೆ ಕಪ್ಪಗಾಗಿದ್ದವು. ನಡುವೆ ಒಂದು ಕುಳಿ. ಇಷ್ಟು ಸಾಕು, ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ.

“ಏನಿದು?”

“ಕೆಂಡ ಬಿದ್ದಿತ್ತು ಕಾಣಸ್ತತಿ.”

“ಕಾಣಸ್ತತಿ ಅಂದ್ರ?”

“ಎಳ್ಳು ಮಾಡಾಕತ್ತಿದ್ದೆ. ಸುಟ್ಟ ವಾಸನಿ ಬಂತು. ಎಳ್ಳು ಹತ್ತಿತು ಅಂದಕೊಂಡು ಪರಾತ ಇಳಿಸಿದೆ.” ಕಪ್ಪಾದ ಬೆರಳು ನೋಡುತ್ತ ಹೇಳಿದ, “ಎಳ್ಳು ಹತ್ತಿರಲಿಲ್ಲ.”

ಹಿತ್ತಲಲ್ಲಿ ಬಿಸಿಲಿತ್ತು. ಪಕ್ಕದ ಮನೆಯ ಕುಕ್ಕರು ಸೀಟಿ ಹಾಕುತ್ತಿತ್ತು. 

“ಬೆರಳಿಗೆ ಗೊತ್ತಾಗೂದಿಲ್ಲ ಅಂತ ನಿನಗ ಯಾವಾಗ ತಿಳೀತು?”

“ಅವ ಕವಿತಿ ಓದಿ ತೋರಿಸಿದಾಗ. ದೀಪಾವಳಿ ಮುಂದ. ಬಟ್ಟಲಿಲ್ಲ ಅಂದ ನೋಡು, ಆಗ ಅನಿಸ್ತು, ಹೌದಲ್ಲಾ, ಎಷ್ಟು ದಿನ ಆತು ನೀರು ಬೇಕಾಗವಲ್ದು ಅಂತ.”

“ಗೊತ್ತಾದ ಮ್ಯಾಲೆ ಹೇಳಬಾರದೇನು?”

“ಚಲೋ ಬರದಾನವ್ವಾ” ಎಂದ ಅಪ್ಪ. “ಆ ಸಾಲು ಓದುವಾಗ ಅವನ ಕಣ್ಣಾಗ ನೀರು. ಇಲ್ಲೋ ಮಾರಾಯಾ, ಇದು ರೋಗ ಐತಿ ಅಂತ ಹೆಂಗ ಹೇಳಲಿ? ನಾಕ ಮಂದಿ ಮುಂದ ಓದಿ ಮುಗಸ್ಲಿ, ಹಬ್ಬ ಆಗ್ಲಿ, ಆಮ್ಯಾಲೆ ನೋಡೂಣು ಅಂದೆ.”

ಹೀಗೆ ಮಗನ ಒಂದು ಸಾಲನ್ನು ಕಾಪಾಡಲು ಅವನು ತನ್ನ ಕಾಲನ್ನು ಕಾಲುಚೀಲದಲ್ಲಿ ಬಚ್ಚಿಟ್ಟಿದ್ದ. ವಾಸನೆಗೆ ಊದಿನಕಡ್ಡಿ. ನಾವೆಲ್ಲ ಅದನ್ನು ಪ್ರೀತಿ ಎಂದೆವು, ಭಕ್ತಿ ಎಂದೆವು, ಮೈಮರೆವು ಎಂದೆವು. ಪ್ರೀತಿ ಅಲ್ಲ ಎಂದು ಈಗಲೂ ಹೇಳಲಾರೆ. ಪ್ರೀತಿಯೇ. ಅದಕ್ಕೇ ಹೆದರಿಕೆ.

ದವಾಖಾನೆಯ ಮಾತು ತೆಗೆಯುವುದಿಲ್ಲ ಎಂದು ಕೊಟ್ಟ ಮಾತನ್ನು ನಾನು ಅಲ್ಲೇ ಮುರಿದೆ. ಚೌಕಾಸಿಯಲ್ಲಿ ಮಾತು ಮುರಿಯಬಾರದು, ಇದೂ ನಾನೇ ಹೇಳಿಕೊಡುವ ಪಾಠ. ಕೊಳೆಯುತ್ತಿರುವ ಮಾಲಿಗೆ ಆ ಪಾಠ ಹೊಂದುವುದಿಲ್ಲ.

ಡಾಕ್ಟರು ತೆಲುಗಿನವರು, ನನ್ನಷ್ಟೇ ವಯಸ್ಸು. ಕಾಲು ನೋಡಿದರು, ಕೈ ನೋಡಿದರು, ರಕ್ತ ತೆಗೆಸಿದರು. “ನೊಪ್ಪಿ ಲೇದಾ, ಪೆದ್ದಾಯನಾ?” ಎಂದು ಕೇಳಿದರು, ನೋವಿಲ್ಲವೇ ಎಂದು.

“ಲೇದು” ಎಂದ ಅಪ್ಪ, ತುಸು ಹೆಮ್ಮೆಯಿಂದ.

ಡಾಕ್ಟರು ನನ್ನ ಕಡೆ ತಿರುಗಿದರು. ನೋವಿದ್ದಿದ್ದರೆ ಬಚಾವಾಗುತ್ತಿದ್ದರು ಎಂದರು. ಸಕ್ಕರೆ ಕಾಯಿಲೆ ಎಷ್ಟೋ ವರ್ಷಗಳಿಂದ ಇರಬೇಕು, ಯಾರೂ ನೋಡಿಸಿಲ್ಲ, ನರಗಳು ಸತ್ತಿವೆ. ಎರಡು ಬೆರಳು ಹೋದವು ಎಂದೇ ತಿಳಿಯಿರಿ. ಎಲ್ಲಿಯವರೆಗೆ ಕೊಯ್ಯಬೇಕು ಎಂಬುದು ಕೊಯ್ದ ಮೇಲೆಯೇ ಗೊತ್ತಾಗುವುದು. ಇದನ್ನೆಲ್ಲ ಅವರು ತೆಲುಗಿನಲ್ಲಿ, ಮೆತ್ತಗೆ ಹೇಳಿದರು. ಬದುಕಿನಲ್ಲಿ ಮೊದಲ ಸಲ ನಾನು ಎದುರಿನವರ ಮಾತಿಗೆ ಏನನ್ನೂ ಇಳಿಸಿ ಕೇಳಲಾರದೆ ನಿಂತೆ.

ಮಧ್ಯಾಹ್ನ ತಮ್ಮ ಓಡಿ ಬಂದ. ವೆರಾಂಡದಲ್ಲಿ ಅವನಿಗೆ ಎಲ್ಲ ಹೇಳಿದೆ, ಅಪ್ಪ ಯಾಕೆ ಸುಮ್ಮನಿದ್ದ ಎಂಬುದನ್ನು ಬಿಟ್ಟು. ಅದನ್ನು ಹೇಳುವುದು ಬೇಡವೆಂದುಕೊಂಡಿದ್ದೆ. ಆದರೆ ಅವನು ದಡ್ಡನಲ್ಲ.

“ಬಟ್ಟಲಿಲ್ಲ ಅನ್ನೂದು ನಾ ಕಣ್ಣಾರೆ ನೋಡಿ ಬರದೆ ಅಕ್ಕಾ” ಎಂದ. “ನಾ ಎದುರಿಗೇ ಕುಂತಿದ್ದೆ. ಎಷ್ಟು ಮುಂಜಾನೆ ಕುಂತೀನಿ.”

“ನೋಡಿದಿ. ಕೇಳಲಿಲ್ಲ.”

“ನೀ ಕೇಳಿದ್ಯಾ?”

 ಅವನು ಜೇಬಿನಿಂದ ಮಡಚಿದ ಕಾಗದ ತೆಗೆದ, ಹರಿಯಲು ಹೋದ. ನಾನು ಕೈ ಹಿಡಿದೆ.

“ಹುಚ್ಚಪ್ಪಾ, ಹರದ್ರ ಬೆರಳು ಬರತಾವೇನು? ಅದನ್ನ ಕೇಳಿದ್ದಕ್ಕ ನನಗ ಗೊತ್ತಾತು. ನಿನ್ನ ಕಣ್ಣು ಖರೇ ಐತಿ. ಲೆಕ್ಕ ಅಷ್ಟ ತಪ್ಪೇತಿ.”

ಅವನು ಗೋಡೆಗೆ ಹಣೆ ಹಚ್ಚಿ ನಿಂತ. ಮುಂದೆ ಆ ಕವಿತೆಯನ್ನು ಅವನು ಎಲ್ಲೂ ಓದಲಿಲ್ಲ. ಸಂಘದವರು ಎರಡು ಸಲ ಕೇಳಿದರು. ಇಂಥ ಕವಿತೆ ಮುಚ್ಚಿಡಬಾರದು ಎಂದು ಮೇಷ್ಟರು ಮನೆಗೇ ಬಂದು ಹೇಳಿದರು. ಚಹಾ ಕೊಟ್ಟು ಕಳಿಸಿದೆವು.

ಅಪ್ಪನ ಬಲಗಾಲಿನ ಅರ್ಧ ಪಾದ ಹೋಯಿತು. ಮೊದಲು ಎರಡು ಬೆರಳು, ವಾಸಿಯಾಗಲಿಲ್ಲ, ಆಮೇಲೆ ಉಳಿದದ್ದು. ಆ ಸಂಕ್ರಾಂತಿ ಆಸ್ಪತ್ರೆಯಲ್ಲೇ ಕಳೆಯಿತು. ಪಕ್ಕದ ಮಂಚದವರು ಎಳ್ಳುಂಡೆ ಕೊಟ್ಟರು, ಡಾಕ್ಟರು ತಿನ್ನಬಾರದೆಂದಿದ್ದರಿಂದ ಅಪ್ಪ ಅದನ್ನು ಮಫ್ಲರಿನ ತುದಿಯಲ್ಲಿ ಕಟ್ಟಿಟ್ಟು ನನಗೆ ಕೊಟ್ಟ. ಮಾತಿಲ್ಲದೆ, ಎಂದಿನಂತೆ. ಈ ಸಲ ನಾನು ಬಾಯಿ ಬಿಟ್ಟು ಕೇಳಿದೆ: “ನೀ ಕದ್ದು ತಿಂದಿಲ್ಲಾ?”

“ಇಲ್ಲ” ಎಂದ. ನಾನು ಮಫ್ಲರನ್ನು ಪೂರ್ತಿ ಬಿಚ್ಚಿ ನೋಡಿದೆ.

ಅಂದಿನಿಂದ ಅಪ್ಪನ ಮೌನವನ್ನು ನಾನು ನಂಬುವುದಿಲ್ಲ. ನಿಮ್ಮ ಮನೆಯಲ್ಲೂ ಅಂಥ ಅಪ್ಪನಿದ್ದರೆ ನನ್ನ ಮಾತು ಕೇಳಿ. ಕವಿತೆ ಆಮೇಲೆ ಬರೆಯಿರಿ. ಮೊದಲು ಕಾಲುಚೀಲ ಬಿಚ್ಚಿಸಿ. ಕೈಗೆ ಬಿಸಿ ಲೋಟ ಕೊಟ್ಟು ಮುಖ ನೋಡಿ. ಅವನು ಚೆನ್ನಾಗಿದ್ದೇನೆ ಎಂದರೆ ರಕ್ತ ಪರೀಕ್ಷೆಗೆ ಕರೆದುಕೊಂಡು ಹೋಗಿ. ಇದರಲ್ಲಿ ಕಾವ್ಯವಿಲ್ಲ ಎಂದು ನನಗೂ ಗೊತ್ತು.

ಈಗ ಎಡಗಾಲಿನ ಸರದಿ. ಅದನ್ನು ಉಳಿಸಿಕೊಳ್ಳುವುದೇ ನಮ್ಮ ಮನೆಯ ಕೆಲಸವಾಗಿದೆ. ಮೊನ್ನೆ ಮೊದಲ ಥಂಡಿ ಗಾಳಿ ಬೀಸಿದ ವಾರ ತೋರಿಸಲು ಕರೆದುಕೊಂಡು ಹೋಗಿದ್ದೆ. ಡಾಕ್ಟರ ಹತ್ತಿರ ಮೀನಿನ ಗಾಳದ ದಾರದಂಥ ನೈಲಾನ್ ಎಳೆಯೊಂದಿದೆ. ಅದರ ತುದಿಯನ್ನು ಪಾದಕ್ಕೆ ಅಲ್ಲಲ್ಲಿ ಒತ್ತುತ್ತಾರೆ, ತಾಕಿದ ಕಡೆಯೆಲ್ಲ ರೋಗಿ ಹೂಂ ಎನ್ನಬೇಕು. ಅಪ್ಪನನ್ನು ಮಂಚದ ಮೇಲೆ ಮಲಗಿಸಿ, ಕಾಲು ಕಾಣದಂತೆ ನಡುವೆ ಒಂದು ಪರದೆ ಹಿಡಿದರು. ನಾನು ಕಾಲಿನ ಕಡೆ ನಿಂತಿದ್ದೆ.

“ಹೂಂ” ಎಂದ ಅಪ್ಪ ಮೊದಲ ಸಲ. ತಾಕಿತ್ತು. ಎರಡನೆಯ ಸಲವೂ ಸರಿಯಾಗಿ ಹೇಳಿದ. ಡಾಕ್ಟರ ಮುಖ ಅರಳಿತು, ನನಗೂ ಜೀವ ಬಂದಂತಾಯಿತು. ಇನ್ನೊಮ್ಮೆ ಹೂಂ ಎಂದ. ಆಗ ನಾನು ತಲೆಯೆತ್ತಿ ನೋಡಿದೆ. ಪರದೆ ಅವನ ಕಾಲನ್ನಷ್ಟೇ ಮರೆ ಮಾಡಿತ್ತು. ನನ್ನ ಮುಖ ಅವನಿಗೆ ಕಾಣುತ್ತಿತ್ತು. ಎಳೆ ತಾಕುವ ಹೊತ್ತಿಗೆ ನನ್ನ ಕಣ್ಣು ಕೆಳಗೆ ಹೋಗುವುದನ್ನು ನೋಡಿಕೊಂಡು ಅವನು ಉತ್ತರ ಕೊಡುತ್ತಿದ್ದ. ಎದುರಿನವರ ಮುಖ ಓದಿ ಬೆಲೆ ಹೇಳುವ ವಿದ್ಯೆ ನನಗೆ ಎಲ್ಲಿಂದ ಬಂತೆಂದು ಯಾರೂ ನನ್ನನ್ನು ಇನ್ನು ಕೇಳಬೇಕಿಲ್ಲ.

ನಾನು ತಿರುಗಿ ಗೋಡೆಯ ಕಡೆ ಮುಖ ಮಾಡಿ ನಿಂತೆ. ಡಾಕ್ಟರಿಗೆ, ಇನ್ನೊಂದು ಸಲ ಮೊದಲಿನಿಂದ ಮಾಡಿ ಎಂದೆ.

ಹಿಂದೆ ಮಂಚ ಕಿರುಗುಟ್ಟಿತು. ಡಾಕ್ಟರು ಒತ್ತಿದರೋ ಇಲ್ಲವೋ ನನಗೆ ಕಾಣುತ್ತಿರಲಿಲ್ಲ. ಈ ಸಲ ಒಂದು ಹೂಂ ಕೂಡ ಬರಲಿಲ್ಲ.

“ಅವ್ವಾ” ಎಂದ ಅಪ್ಪ ಕೊನೆಗೆ, “ಈ ಕಡೆ ತಿರುಗು.”

ನಾನು ತಿರುಗಲಿಲ್ಲ.